ಬೇಕರಿಯವರ ಮಗಳ ಎತ್ತರ

ಫೆಬ್ರವರಿ 11

ಬೇಕರಿ ಯಜಮಾನರಿಗೆ,

ಸುಖವಾಗಿ ತಲುಪಿದೆ. ನೀವು ಕಟ್ಟಿಕೊಟ್ಟ ಕೇಕು ಮಾತ್ರ ತಲುಪಲಿಲ್ಲ, ಜೀಪಿನಲ್ಲೇ ನಮ್ಮ ಸರ್ವೆ ತಂಡದ ಬಾಯಿಗೆ ಬಿತ್ತು. ಸುರಂಗ ನಾನಿಲ್ಲದ ಹದಿನೈದು ದಿನದಲ್ಲಿ ಚೆನ್ನಾಗಿಯೇ ಮುಂದೆ ಹೋಗಿದೆ. ಸ್ವಲ್ಪ ಎಡಕ್ಕೆ ವಾಲಿತ್ತು. ಬಂದ ದಿನವೇ ಸರಿ ಮಾಡಿಸಿದೆ.

ಈ ಕಾಗದದ ವಿಷಯವನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಫೋನು ಯಾರದು ಅಂತ ನಿಮಗೂ ಗೊತ್ತು. ಗಂಟೆ ಹೊಡೆದ ಕೂಡಲೇ ನಿಮ್ಮ ಮಗಳು ಬಟಾಣಿ ಹಾರಿ ಎತ್ತಿಕೊಳ್ಳುತ್ತಾಳೆ, ಆಮೇಲೆ ನಿಮ್ಮ ಕೈಗೆ ಕೊಟ್ಟರೂ ಕಿವಿಯನ್ನು ಅಲ್ಲೇ ಅಂಟಿಸಿಕೊಂಡು ನಿಲ್ಲುತ್ತಾಳೆ. ಈ ಮಾತು ಅವಳ ವಿಷಯದ್ದೇ. ಅದಕ್ಕೇ ಕಾಗದ.

ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆವಲ್ಲ, ಅಲ್ಲಿ ಹುಡುಗಿಯರಿಬ್ಬರೂ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ಅಕ್ಕನ ಮಗಳಿಗೆ ಏಳು ವರ್ಷ, ನಮ್ಮವಳಿಗೆ ಒಂಬತ್ತು. ಕನ್ನಡಿಯಲ್ಲಿ ಚಿಕ್ಕವಳ ಮುಖದ ಕೆಳಗೆ ದೊಡ್ಡವಳ ಮುಖ ಕಾಣಿಸಿತು. ಅಕ್ಕ ತನ್ನ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು, ಅದೇ ನನಗೆ ಚುಚ್ಚಿತು. ಅವತ್ತು ಸಂಜೆ ಬಟಾಣಿಯನ್ನು ಎತ್ತಿಕೊಂಡೆ. ಎರಡು ವರ್ಷದ ಹಿಂದೆ ಕೆಲಸಕ್ಕೆ ಅಂತ ಇಲ್ಲಿಗೆ ಹೊರಟಾಗ ಎತ್ತಿಕೊಂಡಿದ್ದೆನಲ್ಲ, ಅಷ್ಟೇ ಭಾರ ಇದ್ದಳು.

ಇಲ್ಲಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿಯ ಮಗನಿಗೂ ಹೀಗೇ ಆಗಿತ್ತಂತೆ. ಮೈಯಲ್ಲಿ ಬೆಳವಣಿಗೆಯ ಹಾರ್ಮೋನ್ ಕಡಿಮೆ ಇತ್ತು. ದಿನಾ ಸಂಜೆ ಒಂದು ಸಣ್ಣ ಇಂಜೆಕ್ಷನ್ ಕೊಡುತ್ತಾ ಬಂದರು, ಈಗ ಹುಡುಗ ಅಪ್ಪನ ಅಂಗಿ ಹಾಕಿಕೊಳ್ಳುತ್ತಾನೆ. ನಮ್ಮವಳದೂ ಅದೇ, ನನಗೆ ಅನುಮಾನವೇ ಇಲ್ಲ. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರು ಇದ್ದಾರೆ, ವಿಚಾರಿಸಿದ್ದೇನೆ. ಈ ವಾರವೇ ಕರೆದುಕೊಂಡು ಹೋಗಿ.

ಮಾವನ ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ನಿಮ್ಮವಳು

ಫೆಬ್ರವರಿ 24

ಇಂಜಿನಿಯರಮ್ಮನಿಗೆ,

ನಿನ್ನ ಕಾಗದ ಬಂದಾಗ ಕೈಯೆಲ್ಲ ಹಿಟ್ಟು. ಬಿಡಿಸಿ ಓದಿದೆ, ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡೆ. ಹಿಟ್ಟು ನಾದುವ ಯಂತ್ರ ನಿಂತ ಮೇಲೆ ಇನ್ನೊಮ್ಮೆ ಓದಿದೆ. ಆಗಲೂ ಅದೇ ಬರೆದಿತ್ತು.

ಒಂದು ಮಾತು ಕೇಳುತ್ತೇನೆ. ನಮ್ಮ ಮನೆಯಲ್ಲಿ ಯಾರಾದರೂ ಬಾಗಿಲಿಗೆ ತಲೆ ಬಡಿದುಕೊಂಡದ್ದನ್ನು ನೋಡಿದ್ದೀಯಾ? ಅಪ್ಪ ನಲವತ್ತು ವರ್ಷದಿಂದ ಕೌಂಟರಿನ ಹಿಂದೆ ಹಲಗೆ ಹಾಕಿಕೊಂಡು ನಿಲ್ಲುತ್ತಾರೆ, ಇಲ್ಲದಿದ್ದರೆ ಗಿರಾಕಿಗೆ ಬರೀ ಟೋಪಿ ಕಾಣಿಸೀತು. ನನ್ನನ್ನಂತೂ ನೀನು ಬಲ್ಲೆ. ಮದುವೆ ಫೋಟೋದಲ್ಲಿ ಛಾಯಾಗ್ರಾಹಕ ನಿನ್ನನ್ನು ಕೂರಿಸಿ ನನ್ನನ್ನು ನಿಲ್ಲಿಸಿದ, ಆದರೂ ಇಬ್ಬರ ತಲೆಗೂ ಅಂಥ ವ್ಯತ್ಯಾಸ ಬರಲಿಲ್ಲ. ಅವತ್ತು ನಿನ್ನ ಅಳತೆಪಟ್ಟಿ ಎಲ್ಲಿತ್ತು? ನಮ್ಮ ವಂಶವೇ ಇಷ್ಟು. ನಾನೂ ಹದಿನಾರರ ಮೇಲೆ ಚಿಗುರಿದವನು.

ಊಟದಲ್ಲಿ ಕೊರತೆ ಇಲ್ಲ. ಬೆಳಿಗ್ಗೆ ಒಲೆಯಿಂದ ತೆಗೆದ ಮೊದಲ ಬನ್ನು ಅವಳದೇ, ಹಾಲಿನ ಜೊತೆ. ಶಾಲೆಯ ಡಬ್ಬಿಗೆ ಬ್ರೆಡ್ಡು, ಬಂದ ಮೇಲೆ ರಸ್ಕು. ಊರಿನ ಮಕ್ಕಳೆಲ್ಲ ಗಾಜಿನ ಭರಣಿಗೆ ಮೂಗು ಒತ್ತಿ ನಿಲ್ಲುತ್ತಾರೆ, ಇವಳು ಭರಣಿಯ ಒಳಗೇ ಹುಟ್ಟಿದವಳು. ಆಗಾಗ ಹೊಟ್ಟೆನೋವು ಅನ್ನುತ್ತಾಳೆ, ಅದು ಗಣಿತದ ದಿನ ಮಾತ್ರ.

ಅಳಿಲಿನ ಹಾಗೆ ಓಡಾಡುವ ಮಗುವಿಗೆ ದಿನಾ ಸೂಜಿ ಚುಚ್ಚಿಸಲು ನನ್ನ ಕೈ ಬರುವುದಿಲ್ಲ. ಗಿಡ್ಡ ಇರುವುದು ಕಾಯಿಲೆಯಾದರೆ ಮೊದಲು ನನಗೆ ಚುಚ್ಚಲಿ.

ಅಪ್ಪನ ಮಂಡಿ ಪರವಾಗಿಲ್ಲ.

ನಿನ್ನ ಗಿಡ್ಡ ಗಂಡ

ಮಾರ್ಚ್ 8

ರೀ,

ಕೊನೆಯಲ್ಲಿ ಹಾಕಿದ ಸಹಿ ಓದಿ ಕೋಪ ಬಂತು. ಹನ್ನೊಂದು ವರ್ಷದಲ್ಲಿ ನಿಮ್ಮ ಎತ್ತರದ ಬಗ್ಗೆ ನಾನು ಎಷ್ಟು ಸಲ ಮಾತಾಡಿದ್ದೇನೆ? ಅಟ್ಟದ ಡಬ್ಬಿ ಇಳಿಸುವಾಗ ಮಾತ್ರ, ಅದೂ ತಮಾಷೆಗೆ. ನಾನು ಬರೆದದ್ದು ನನ್ನ ಮಗಳ ವಿಷಯ, ನೀವು ಓದಿಕೊಂಡದ್ದು ನಿಮ್ಮ ವಿಷಯ.

ವಾದ ಬೇಡ, ಅಳತೆ ತೆಗೆಯೋಣ. ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ನ್ಯಾಯಾಧೀಶರು ಯಾರೂ ಇಲ್ಲ. ಅವಳನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಿರಬೇಕು, ನೋಟ ನೇರ ಮುಂದೆ. ಜುಟ್ಟು ಬಿಚ್ಚಿಸಿ. ತಲೆಯ ಮೇಲೆ ಒಂದು ಗಟ್ಟಿ ಪುಸ್ತಕವನ್ನು ಮಟ್ಟಸವಾಗಿಟ್ಟು ಗುರುತು ಹಾಕಿ. ಆಮೇಲೆ ಶಾಲೆಗೆ ಹೋಗಿ ಆಟದ ಮೇಷ್ಟ್ರನ್ನು ಕೇಳಿ, ಅವರು ವರ್ಷ ವರ್ಷ ಮಕ್ಕಳ ಎತ್ತರ ತೆಗೆಯುತ್ತಾರೆ. ಅವಳು ಗಿಡ್ಡ ಇದ್ದಾಳೋ ಇಲ್ಲವೋ ಅನ್ನುವುದಲ್ಲ ನನ್ನ ಪ್ರಶ್ನೆ. ಮೊದಲು ಬೆಳೆಯುತ್ತಿದ್ದ ಹಾಗೆ ಈಗಲೂ ಬೆಳೆಯುತ್ತಿದ್ದಾಳಾ? ವಂಶದ್ದೇ ಆದರೆ ಮಗು ಸಣ್ಣಗಿದ್ದರೂ ವರ್ಷವರ್ಷ ಬೆಳೆಯುತ್ತಲೇ ಇರಬೇಕು.

ನನ್ನ ಮಾತು ತಪ್ಪಾದರೆ ಊರಿಗೆ ಬಂದಾಗ ಒಂದು ವಾರ ಕೌಂಟರಿನಲ್ಲಿ ನಿಂತು ಬನ್ನು ಮಾರುತ್ತೇನೆ. ಹಲಗೆ ಇಲ್ಲದೆ.

ನಿಮ್ಮವಳು

ಮಾರ್ಚ್ 29

ಇಂಜಿನಿಯರಮ್ಮ,

ನೀನು ಬನ್ನು ಮಾರಬೇಕಾಗಿಲ್ಲ.

ಅಳತೆ ತೆಗೆದೆ. ನಂಬಿಕೆ ಬರಲಿಲ್ಲ, ಅಪ್ಪನ ಕೈಯಲ್ಲೂ ತೆಗೆಸಿದೆ. ಆಟದ ಮೇಷ್ಟ್ರು ಹಳೆಯ ಅಳತೆಗಳನ್ನು ಕೊಟ್ಟರು. ಏಳು ತುಂಬುವವರೆಗೆ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆದಿದ್ದಾಳೆ. ಆಮೇಲೆ ಕಡಿಮೆ, ಹೋದ ವರ್ಷ ಬರೀ ಎರಡು. ಮೇಷ್ಟ್ರು, "ಇವಳು ಪ್ರಾರ್ಥನೆ ಸಾಲಿನಲ್ಲಿ ಮೂರು ವರ್ಷದಿಂದ ಮೊದಲನೆಯವಳೇ ಅಲ್ವಾ ಸಾರ್, ನಾವು ಒಳ್ಳೆ ಲೀಡರ್ ಅಂದ್ಕೊಂಡಿದ್ವಿ" ಅಂದರು. ನಗಬೇಕು ಅಂತ ನಕ್ಕೆ.

ಮಾರನೆಯ ದಿನವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳವಣಿಗೆ ಡಾಕ್ಟರು ಹೆಂಗಸು. ದಪ್ಪ ಕನ್ನಡಕ, ಸಂತೆಯಲ್ಲಿ ಕೂಗುವಷ್ಟು ದೊಡ್ಡ ದನಿ. ಬಟಾಣಿಯನ್ನು ಮೂರು ಸಲ ಅಳೆದರು. ಆಮೇಲೆ ನನ್ನನ್ನೂ ಗೋಡೆಗೆ ನಿಲ್ಲಿಸಿದರು. ನಾನು ಸುಮ್ಮನೆ ನಿಂತಿದ್ದೆ. ಇವಳು ಕೆಳಗೆ ನೋಡಿ, "ಡಾಕ್ಟರಮ್ಮಾ, ಅಪ್ಪ ಹಿಮ್ಮಡಿ ಎತ್ತಿದ್ದಾರೆ!" ಅಂತ ಕೂಗಿದಳು. ಹೊರಗೆ ಕೂತಿದ್ದವರೂ ನಕ್ಕರು. ನಿನ್ನ ಎತ್ತರ ಕೇಳಿದರು, ಹೇಳಿದೆ. ನಮ್ಮಿಬ್ಬರ ಎತ್ತರವನ್ನೂ ಸೇರಿಸಿ ಏನೋ ಲೆಕ್ಕ ಹಾಕಿ, ಗೆರೆಗಳಿರುವ ಒಂದು ಹಾಳೆಯಲ್ಲಿ ಚುಕ್ಕಿ ಇಟ್ಟರು.

"ನೋಡಿ, ನೀವು ಗಿಡ್ಡ ಇದ್ದೀರಿ, ಇರಲಿ. ಅದು ಕಾಯಿಲೆ ಅಲ್ಲ, ನಿಮ್ಮ ಮೈ ಅಷ್ಟೇ. ನಿಮ್ಮ ಮಗಳು ಈ ಗೆರೆ ಹಿಡ್ಕೊಂಡು ಬರ್ತಾ ಇದ್ದೋಳು, ಇಲ್ಲಿಂದ ಜಾರಿದ್ದಾಳೆ. ಯಾಕೆ ಜಾರಿದ್ಲು ಅಂತ ಹುಡುಕೋದು ನನ್ನ ಕೆಲಸ."

ನೀನು ಹೇಳಿದ ಇಂಜೆಕ್ಷನ್ನಿನ ಮಾತೆತ್ತಿದೆ. "ಸೂಜಿ ಬೇಕಾದ ಮಕ್ಕಳಿಗೆ ಧೈರ್ಯವಾಗಿ ಕೊಡ್ತೀನಿ. ಆದ್ರೆ ಕಾರಣ ಗೊತ್ತಾಗದೆ ಯಾರಿಗೂ ಕೊಡಲ್ಲ" ಅಂದರು. ಎಡಗೈಯ ಎಕ್ಸ್‌ರೇ ತೆಗೆಸಿದರು. ಮೂಳೆಯ ವಯಸ್ಸು ಏಳು ಅಂತೆ, ಎರಡು ವರ್ಷ ಹಿಂದಿದೆ. ಅದು ಒಳ್ಳೆಯ ಸುದ್ದಿಯೇ ಅಂದರು, ಬೆಳೆಯಲು ಇನ್ನೂ ಕಾಲ ಇದೆ ಅಂತ ಅರ್ಥ. ಥೈರಾಯ್ಡು, ರಕ್ತಹೀನತೆ, ಇನ್ನೂ ಏನೇನೋ ನೋಡಲು ರಕ್ತ ತೆಗೆದುಕೊಂಡಿದ್ದಾರೆ. ಬಟಾಣಿ ಅಳಲಿಲ್ಲ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಮನೆಯ ಬಗ್ಗೆಯೂ ಏನೇನೋ ಕೇಳಿದರು. ಅದರಲ್ಲಿ ಬರೆಯುವಂಥದ್ದು ಏನಿಲ್ಲ.

ನಿನ್ನವನು

ಏಪ್ರಿಲ್ 10

ಬೇಕರಿ ಯಜಮಾನರಿಗೆ,

ಹಿಮ್ಮಡಿಯ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿಬಿಟ್ಟೆ, ಕ್ಷಮಿಸಿ. ಸಿಡಿಮದ್ದಿನ ಮೇಸ್ತ್ರಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ.

ನೋಡಿದಿರಾ, ನಾನು ಹೇಳಿರಲಿಲ್ಲವಾ? ಮೂಳೆ ಹಿಂದಿದೆ ಅಂದರೆ ಹಾರ್ಮೋನೇ. ಮೇಸ್ತ್ರಿಯ ಮಗನಿಗೂ ಹಾಗೇ ಇತ್ತಂತೆ. ಇಂಜೆಕ್ಷನ್ ಬಗ್ಗೆ ಅವನಿಂದ ಎಲ್ಲ ಕೇಳಿ ತಿಳಿದುಕೊಂಡೆ. ಪೆನ್ನಿನ ಹಾಗೆ ಇರುತ್ತದೆ, ಸೂಜಿ ಕೂದಲಿನಷ್ಟು ಸಣ್ಣ. ಒಂದು ದಿನ ತೊಡೆಗೆ, ಒಂದು ದಿನ ತೋಳಿಗೆ. ತಣ್ಣಗಿಡಬೇಕು. ಬೇಕರಿಯ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಒಂದು ಮೂಲೆ ಖಾಲಿ ಮಾಡಿ. ನಿಮ್ಮ ಕೈಯಲ್ಲಿ ಆಗದಿದ್ದರೆ ಮಾವ ಕೊಡಲಿ, ಕೇಕಿನ ಮೇಲೆ ಅಷ್ಟು ನಾಜೂಕಾಗಿ ಹೂ ಬಿಡಿಸುವ ಕೈ ಅವರದು.

ಹೆದರಬೇಡಿ. ದಾರಿ ಎಲ್ಲಿ ತಪ್ಪಿದೆ ಅಂತ ಗೊತ್ತಾದ ಮೇಲೆ ಉಳಿದದ್ದು ಕೆಲಸ ಅಷ್ಟೇ. ಕೆಲಸಕ್ಕೆ ನಾವಿಬ್ಬರೂ ಯಾವತ್ತೂ ಹಿಂದೆ ಬಿದ್ದವರಲ್ಲ.

ಮನೆಯ ಬಗ್ಗೆ ಡಾಕ್ಟರು ಏನು ಕೇಳಿದರು?

ನಿಮ್ಮವಳು

ಏಪ್ರಿಲ್ 26

ರಕ್ತದ ಫಲಿತಾಂಶ ಬಂತು. ಹಾರ್ಮೋನ್ ಅಲ್ಲ. ಇಂಜೆಕ್ಷನ್ ಸದ್ಯಕ್ಕೆ ಇಲ್ಲ. ಇನ್ನೊಂದು ಪರೀಕ್ಷೆ ಆಗಬೇಕು, ಮಗುವನ್ನು ಮಲಗಿಸಿ ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುತ್ತಾರೆ. ಜೀವಕ್ಕೆ ಅಪಾಯ ಇಲ್ಲ ಅಂದಿದ್ದಾರೆ. ನೀನು ಕೆಲಸ ಬಿಟ್ಟು ಓಡಿಬರಬೇಡ. ಖಚಿತವಾದ ಮೇಲೆ ಬರೆಯುತ್ತೇನೆ. ಈಗ ಬರೆಯಲು ಆಗುತ್ತಿಲ್ಲ.

ಮೇ 5

ರೀ,

ನಿಮ್ಮ ಕಾಗದ ಓದಿದೆ, ಓದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಫೋನ್ ಮಾಡಿದರೆ "ಬರೀತೀನಿ, ಬರೀತೀನಿ" ಅನ್ನುತ್ತೀರಿ, ಹಿಂದೆ ಬಟಾಣಿ ಹಾಡುವುದು ಕೇಳಿಸುತ್ತದೆ. ನಿನ್ನೆ ಮತ್ತೆ ಮಾಡಿದೆ, ಮಾವ ಎತ್ತಿಕೊಂಡರು. "ಒಲೆ ಹಚ್ಚಿಲ್ಲಮ್ಮ. ನಾಲ್ಕು ದಿನ ಆಯ್ತು. ಕೇಳಿದ್ರೆ ಮಾತಾಡಲ್ಲ" ಅಂದರು. ನಾನು ಆ ಮನೆಗೆ ಬಂದ ಮೇಲೆ ಒಲೆ ಆರಿದ ದಿನ ನೋಡಿಲ್ಲ. ಅತ್ತೆ ಹೋದ ದಿನವೂ ಅದು ಉರಿಯುತ್ತಿತ್ತು.

ಹಾಗಾದರೆ ನೀವು ಹೇಳದೆ ಇರುವುದು ದೊಡ್ಡದೇ. ನಾನೂ ಒಂದು ಮಾತು ಹೇಳದೆ ಇಟ್ಟುಕೊಂಡಿದ್ದೇನೆ, ಬರೆದುಬಿಡುತ್ತೇನೆ. ತಾಯಿ ದೂರ ಇದ್ದರೆ ಮಕ್ಕಳು ಕೊರಗಿ ಬೆಳೆಯುವುದನ್ನೇ ನಿಲ್ಲಿಸುವುದುಂಟು ಅಂತ ಎಲ್ಲೋ ಓದಿದ್ದೆ. ನಾನು ಇಲ್ಲಿಗೆ ಬಂದ ಮೇಲೆಯೇ ಅವಳ ಬೆಳವಣಿಗೆ ನಿಧಾನವಾಯಿತು, ಆ ಲೆಕ್ಕ ನಾನು ಯಾವಾಗಲೋ ಹಾಕಿದ್ದೆ. ಹಾರ್ಮೋನ್, ಹಾರ್ಮೋನ್ ಅಂತ ನಾನು ಹಟ ಹಿಡಿದದ್ದು ಅದಕ್ಕೇ. ಅದು ಹಾರ್ಮೋನ್ ಆಗಿದ್ದರೆ ಕಾರಣ ನಾನು ಆಗುತ್ತಿರಲಿಲ್ಲವಲ್ಲ. ಡಾಕ್ಟರು ಮನೆಯ ಬಗ್ಗೆ ಅಂತ ಕೇಳಿದ್ದು ನನ್ನ ವಿಷಯವನ್ನೇ ತಾನೇ? ನೀವು ಮುಚ್ಚಿಟ್ಟದ್ದು ಅದನ್ನೇ ತಾನೇ?

ಹೌದಾದರೆ ಹೌದು ಅನ್ನಿ. ಸುರಂಗ ನನ್ನ ಬಿಟ್ಟರೂ ಮುಂದೆ ಹೋಗುತ್ತದೆ. ಕಾಗದವನ್ನು ಅಂಚೆಗೆ ಹಾಕಬೇಡಿ, ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡಿ. ಮುಂದಿನ ವಾರದ ಒಳಗೆ ಬರದಿದ್ದರೆ ನಾನೇ ಬರುತ್ತೇನೆ.

ಮೇ 11

ನನ್ನವಳಿಗೆ,

ಡ್ರೈವರ್ ಹತ್ತು ನಿಮಿಷ ಮಾತ್ರ ನಿಲ್ಲುತ್ತಾನಂತೆ, ಅದಕ್ಕೇ ಹಿಂದಿನ ರಾತ್ರಿಯೇ ಕೂತು ಬರೆಯುತ್ತಿದ್ದೇನೆ. ಮೊದಲನೆಯದಾಗಿ, ಕಾರಣ ನೀನಲ್ಲ. ಇದನ್ನು ಓದಿ, ಒಂದು ಲೋಟ ನೀರು ಕುಡಿದು, ಮುಂದಕ್ಕೆ ಓದು.

ಗೋಧಿ.

ನಮ್ಮ ಮಗಳ ಮೈಗೆ ಗೋಧಿ ಆಗುವುದಿಲ್ಲ. ಮೈದಾ, ರವೆ, ಬಾರ್ಲಿ ಯಾವುದೂ ಆಗುವುದಿಲ್ಲ. ಹಿಟ್ಟು ನಾದಿದಾಗ ಜಿಗುಟು ಬರುತ್ತದಲ್ಲ, ಗ್ಲುಟನ್, ಬ್ರೆಡ್ಡನ್ನು ಉಬ್ಬಿಸಿ ನಿಲ್ಲಿಸುವುದೇ ಅದು. ಅದು ಒಳಗೆ ಹೋದಾಗಲೆಲ್ಲ ಅವಳ ಮೈ ತನ್ನ ಕರುಳಿನ ಮೇಲೆ ತಾನೇ ಜಗಳಕ್ಕೆ ಬೀಳುತ್ತದಂತೆ. ಕರುಳಿನ ಒಳಗೆ ಟವೆಲಿನ ನೂಲಿನ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವೆ, ಊಟದ ಸಾರ ಹೀರಿಕೊಳ್ಳುವುದು ಅವೇ. ಅವಳವು ಸವೆದು ಚಪ್ಪಟೆಯಾಗಿವೆ. ಎಷ್ಟು ತಿಂದರೂ ಮೈಗೆ ಸೇರುತ್ತಿರಲಿಲ್ಲ. ಸೀಲಿಯಾಕ್ ಅಂತ ಹೆಸರು. ಕೆಲವು ಮಕ್ಕಳಲ್ಲಿ ಬೆಳವಣಿಗೆ ನಿಲ್ಲುವುದೊಂದೇ ಎದ್ದು ಕಾಣುವ ಲಕ್ಷಣವಂತೆ. ಹೊಟ್ಟೆನೋವು ಗಣಿತದ್ದಲ್ಲ.

ರಕ್ತದ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಎಲ್ಲ ವಿವರಿಸಿ, "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. "ಬೇಕರಿ" ಅಂದೆ. ಅವರು ಪೆನ್ನು ಕೆಳಗಿಟ್ಟರು.

"ಇವತ್ತಿಂದಲೇ ನಿಲ್ಲಿಸ್ತೀನಿ" ಅಂದೆ.

"ಬೇಡ, ಈಗಲೇ ನಿಲ್ಲಿಸ್ಬೇಡಿ. ಕೊಳವೆ ಪರೀಕ್ಷೆ ಆಗೋವರೆಗೆ ತಿನ್ನಬೇಕು. ನಿಲ್ಲಿಸಿಬಿಟ್ರೆ ಕರುಳು ವಾಸಿಯಾಗೋಕೆ ಶುರುವಾಗಿ ಪರೀಕ್ಷೆಯಲ್ಲಿ ಸರಿಯಾಗಿ ಕಾಣಲ್ಲ. ಜೀವನ ಪೂರ್ತಿ ಬಿಡಬೇಕಾದದ್ದು ಇದು, ಖಚಿತ ಮಾಡ್ಕೊಳ್ಳದೆ ಬಿಡಿಸಬಾರದು. ಗಟ್ಟಿ ಮನಸ್ಸು ಮಾಡಿ."

ಪರೀಕ್ಷೆಯ ದಿನದವರೆಗೆ ಪ್ರತಿ ಬೆಳಿಗ್ಗೆ ನಾನೇ ಬನ್ನು ತೆಗೆದು, ನಾನೇ ಬೆಣ್ಣೆ ಹಚ್ಚಿ, ನಾನೇ ಅವಳ ಕೈಗೆ ಕೊಟ್ಟೆ. ಒಂದು ದಿನ ಅವಳು, "ಇವತ್ತು ಬೇಡ ಅಪ್ಪ, ಹೊಟ್ಟೆ ಒಂಥರಾ ಇದೆ" ಅಂದಳು. ಅವತ್ತೂ "ಅರ್ಧ ತಿನ್ನು ಕಂದ" ಅಂದೆ. ತಿಂದಳು. ನಿನಗೆ ಬರೆಯಲು ಕೂತರೆ ಆ ಅರ್ಧ ಬನ್ನೇ ಕಣ್ಣ ಮುಂದೆ ಬರುತ್ತಿತ್ತು. ಆ ನಾಲ್ಕು ಸಾಲಿನ ಕಾಗದ ಅಂಥ ದಿನದ್ದು.

ಪರೀಕ್ಷೆ ಮುಗಿದ ಮೇಲೆ ಒಲೆ ಆರಿಸಿದೆ. ಮತ್ತೆ ಹಚ್ಚಲು ಕೈ ಹೋಗಲಿಲ್ಲ.

ಇನ್ನೊಂದಿದೆ. ವಂಶ ವಂಶ ಅಂತ ನಿನಗೆ ಬರೆದೆನಲ್ಲ, ನನಗೂ ಒಳಗೊಳಗೇ ಅಳುಕಿತ್ತು. ಎತ್ತರ ಬೆಳೆಸುತ್ತೆ ಅಂತ ಜಾಹೀರಾತು ಬರುತ್ತದಲ್ಲ, ಆ ಪುಡಿಯನ್ನು ಹೋದ ವರ್ಷದಿಂದ ನಿನಗೆ ಗೊತ್ತಿಲ್ಲದೆ ಹಾಲಿಗೆ ಹಾಕಿ ಕೊಡುತ್ತಿದ್ದೆ. ಡಬ್ಬಿಯನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಬಾರ್ಲಿ ಮಾಲ್ಟ್. ಅದೂ ಅವಳಿಗೆ ಆಗದ್ದೇ. ಅವರು ಬೈಯುತ್ತಾರೆ ಅಂದುಕೊಂಡೆ. "ನಿಮ್ಮ ಹಾಗೆ ಡಬ್ಬಿ ಹಿಡ್ಕೊಂಡು ಬರೋ ಅಪ್ಪಂದಿರು ವಾರಕ್ಕೆ ಹತ್ತು ಜನ ಇರ್ತಾರೆ. ಬೆಳೆಸೋ ಪುಡಿ ಅಂತ ಯಾವುದೂ ಇಲ್ಲ ಅಂತ ಅವರಿಗೆಲ್ಲ ಹೇಳಿ ಹೇಳಿಯೇ ನನ್ನ ದನಿ ಹೀಗಾಗಿದ್ದು" ಅಂದರು.

ಮನೆಯ ಬಗ್ಗೆ ಕೇಳಿದ್ದು ನಿಜ. ನೀನು ಯಾವಾಗ ಹೋದೆ, ಮಗು ಕೊರಗುತ್ತಾಳಾ, ನಿದ್ದೆ ಮಾಡುತ್ತಾಳಾ ಅಂತೆಲ್ಲ. ಬರೆದರೆ ನೀನು ಸುರಂಗದೊಳಗೆ ಕೂತು ಕೊರಗುತ್ತೀಯ ಅಂತ ಬಿಟ್ಟೆ. ನೀನು ಆಗಲೇ ಕೊರಗುತ್ತಿದ್ದೀಯ ಅಂತ ನನಗೇನು ಗೊತ್ತು. ಮೊನ್ನೆ ಫಲಿತಾಂಶ ಕೈಗೆ ಕೊಟ್ಟಾಗ ನಾನೇ ಕೇಳಿದೆ, ತಾಯಿ ದೂರ ಇದ್ದದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ. "ತಾಯಿ ದೂರ ಇದ್ದಿದ್ದಕ್ಕಲ್ಲಪ್ಪ, ಬನ್ನು ಹತ್ತಿರ ಇದ್ದಿದ್ದಕ್ಕೆ" ಅಂದರು.

ಅಂಗಡಿ ಮಾರಿಬಿಡೋಣ ಅಂತಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮಗುವಿಗೆ ವಿಷವಾದದ್ದನ್ನು ಮಾಡುತ್ತಾ ಕೂರುವುದು ಹೇಗೆ?

ನಿನ್ನವನು

ಮೇ 14

ರೀ,

ನೀರು ಕುಡಿದೆ. ಆಮೇಲೆ ಅತ್ತುಬಿಟ್ಟೆ. ಜನ ಇರಲಿಲ್ಲ, ಉಪಕರಣಗಳ ಕೋಣೆಯಲ್ಲಿ. ಈಗ ಸರಿಯಾಗಿದ್ದೇನೆ.

ಆ ಅರ್ಧ ಬನ್ನು ತಿನ್ನಿಸುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನಾನು ಡಾಕ್ಟರ ಜೊತೆ ಜಗಳವಾಡಿ, ತಟ್ಟೆ ಎಸೆದು, ಪರೀಕ್ಷೆಯನ್ನೇ ಕೆಡಿಸಿಬಿಡುತ್ತಿದ್ದೆ. ನೀವು ಅಳುತ್ತಾ ಸರಿಯಾದದ್ದನ್ನು ಮಾಡಿದಿರಿ. ಹಾರ್ಮೋನ್ ಅಂತ ನಾನೂ ತಪ್ಪು ಹೇಳಿದೆ, ವಂಶ ಅಂತ ನೀವೂ ತಪ್ಪು ಹೇಳಿದಿರಿ. ಡಾಕ್ಟರಮ್ಮ ಇಬ್ಬರ ಮಾತನ್ನೂ ಕೇಳದೆ ಇದ್ದದ್ದು ನಮ್ಮ ಪುಣ್ಯ.

ಮಾರುವ ಮಾತು ಬಿಡಿ. ಊರಿನ ಉಳಿದ ಮಕ್ಕಳಿಗೆ ನಿಮ್ಮ ಬನ್ನು ಅನ್ನವೇ. ನಾಳೆಯೇ ಒಲೆ ಹಚ್ಚಿ. ಆದರೆ ಬಟಾಣಿ ಆ ಹಿಟ್ಟಿನ ಧೂಳಿನಲ್ಲಿ ಇರಕೂಡದು. ನಮ್ಮ ಮನೆ ಬೇಕರಿಯ ಮೇಲೇ ಇದೆ, ಮೆಟ್ಟಿಲಲ್ಲೂ ಬಿಳಿ, ನೀರಿನ ಹೂಜಿಯ ಮೇಲೂ ಬಿಳಿ. ಎದುರಿನ ಬೀದಿಯಲ್ಲಿ ಟೈಲರ್ ಖಾಲಿ ಮಾಡಿದ ಎರಡು ಕೋಣೆ ಇವೆಯಲ್ಲ, ಹಿಂದೆ ಅಂಗಳ ಇರುವುದು, ಅದನ್ನು ಬಾಡಿಗೆಗೆ ಕೇಳಿ. ಅಡುಗೆ, ಊಟ, ಮಲಗುವುದು ಎಲ್ಲ ಅಲ್ಲಿ. ಹೊಸ ಬಾಣಲೆ, ಹೊಸ ಜರಡಿ, ಹೊಸ ಚಮಚ. ಹಳೆಯದನ್ನು ತೊಳೆದರೆ ಸಾಕು ಅಂತ ಜಿಪುಣತನ ಮಾಡಬೇಡಿ. ಬೇಕರಿಯಿಂದ ಬಂದವರು ಅಂಗಳದಲ್ಲೇ ಅಂಗಿ ಬದಲಾಯಿಸಿ ಒಳಗೆ ಹೋಗುವುದು. ಕೋಣೆಗಳ ನಕ್ಷೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಬಚ್ಚಲನ್ನು ಊಹೆಯಿಂದ ಬರೆದದ್ದು, ಸರಿಯಿಲ್ಲದಿದ್ದರೆ ತಿದ್ದಿಕೊಳ್ಳಿ.

ಇನ್ನು ಅಲ್ಲಿ ನಿಮ್ಮ ಕೆಲಸ. ಜಿಗುಟೇ ಇಲ್ಲದ ಅಕ್ಕಿ ಹಿಟ್ಟಿನಲ್ಲಿ ಬ್ರೆಡ್ಡು ಉಬ್ಬಿಸಿ ತೋರಿಸಿ. ನಮ್ಮ ಮಗಳು ಬೇಕರಿಯವನ ಮಗಳು, ಬ್ರೆಡ್ಡಿಲ್ಲದೆ ಬೆಳೆಯಬೇಕಾಗಿಲ್ಲ.

ಜೂನ್ ಮೊದಲ ವಾರ ಬರುತ್ತಿದ್ದೇನೆ.

ನಿಮ್ಮವಳು

ಆಗಸ್ಟ್ 19

ಇಂಜಿನಿಯರಮ್ಮನಿಗೆ,

ಜೂನಿನಲ್ಲಿ ನೀನು ಸುಣ್ಣ ಹೊಡೆಸಿ ಹೋದ ಕೋಣೆಗಳು ಈಗ ಮನೆಯ ಹಾಗೆ ಕಾಣುತ್ತಿವೆ. ಬಟಾಣಿ ಬಾಗಿಲ ಮೇಲೆ "ಹಿಟ್ಟಿನವರಿಗೆ ಪ್ರವೇಶವಿಲ್ಲ" ಅಂತ ಬರೆದು ಅಂಟಿಸಿದ್ದಾಳೆ.

ಅಕ್ಕಿ ಬ್ರೆಡ್ಡಿನ ಸಮಾಚಾರ ಕೇಳಬೇಡ ಅಂದರೂ ಕೇಳುತ್ತೀಯ. ಮೊದಲನೆಯದು ಇಟ್ಟಿಗೆ. ನಿನ್ನ ಸುರಂಗಕ್ಕೆ ಕಳಿಸಬಹುದಿತ್ತು. ಎರಡನೆಯದು ಹೊಸ ಮನೆಯ ಪುಟ್ಟ ಒಲೆಯಲ್ಲಿ ಚೆನ್ನಾಗಿ ಉಬ್ಬಿತು, ಹೊರಗೆ ತೆಗೆದ ಕೂಡಲೇ ನಿಟ್ಟುಸಿರು ಬಿಟ್ಟು ಕುಸಿಯಿತು. ಇಪ್ಪತ್ತು ವರ್ಷ ಮೈದಾ ನಾದಿದ ಈ ಕೈ ಹೊಸದಾಗಿ ಶಾಲೆಗೆ ಸೇರಿದ ಹಾಗಾಗಿದೆ. ಮೊಟ್ಟೆ, ಜೋಳದ ಹಿಟ್ಟು, ಸ್ವಲ್ಪ ಆಲೂಗಡ್ಡೆ ಸೇರಿಸಿ ಈಗ ಒಂದು ಹದಕ್ಕೆ ಬಂದಿದೆ. ನಿನ್ನ ಮಗಳು ಪ್ರತಿ ಬ್ರೆಡ್ಡಿಗೂ ಅಂಕ ಕೊಡುತ್ತಾಳೆ. ನಿನ್ನೆಯದಕ್ಕೆ ಪಾಸಾದೆ.

ಜುಲೈಯಲ್ಲಿ ಒಂದು ಗಲಾಟೆ ಆಯಿತು, ಆಗಲೇ ಬರೆಯಲಿಲ್ಲ. ಮೂರು ತಿಂಗಳ ರಕ್ತ ಪರೀಕ್ಷೆಯಲ್ಲಿ ಗೋಧಿಯ ಜಗಳ ಎಷ್ಟಿದೆ ಅಂತ ತೋರಿಸುವ ಅಂಕಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಾಕ್ಟರಮ್ಮ, "ಎಲ್ಲೋ ಗೋಧಿ ನುಗ್ತಾ ಇದೆ" ಅಂದರು. ನಾನು ಚಮಚ ಚಮಚವನ್ನೂ ಅನುಮಾನಿಸಿದೆ. ಕೊನೆಗೆ ನೋಡಿದರೆ ಅಪ್ಪ! ಅವಳು ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲಿ ನಿಂತು ಕೇಕಿನ ಅಂಚು ಕತ್ತರಿಸಿದ್ದನ್ನು ಕೊಡುತ್ತಿದ್ದರಂತೆ. "ಮಗು ಆಸೆಪಟ್ಟು ನೋಡುತ್ತೆ ಕಣೋ. ಒಂದು ಚೂರಲ್ಲಿ ಏನಾಗುತ್ತೆ?" ಅಂದರು. ನಾನು ಕೂಗಾಡಲಿಲ್ಲ. ಮುಂದಿನ ಸಲ ಅಪ್ಪನನ್ನೇ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಅವರು ಕರುಳಿನ ಚಿತ್ರ ತೋರಿಸಿ, "ತಾತ, ನಿಮ್ಮ ಒಂದು ಚೂರು ಇಲ್ಲಿ ಎಷ್ಟೋ ದಿನದ ಕೆಲಸ ಕೆಡಿಸುತ್ತೆ" ಅಂದರು. ಈಗ ಅವರಷ್ಟು ಕಟ್ಟುನಿಟ್ಟಿನವರು ಇಲ್ಲ. ನಾನು ಅಂಗಿ ಬದಲಾಯಿಸಿದ್ದರೂ ಮೂಸಿ ನೋಡಿ ಒಳಗೆ ಬಿಡುತ್ತಾರೆ. ಬಟಾಣಿಯ ಸ್ನೇಹಿತೆಯೊಬ್ಬಳು ಬಿಸ್ಕತ್ತು ಹಿಡಿದು ಬಂದಳು ಅಂತ ಅಂಗಳದಲ್ಲೇ ವಿಚಾರಣೆ ಮಾಡಿದರು, ಪಾಪ ಆ ಮಗು ಅಳುತ್ತಾ ಮನೆಗೆ ಹೋಯಿತು.

ಹೊಟ್ಟೆನೋವು ಹೋಗಿದೆ. ಗಣಿತದ ದಿನವೂ ಇಲ್ಲ. ಕೆನ್ನೆಗೆ ಬಣ್ಣ ಬಂದಿದೆ.

ನಿನ್ನವನು

ನವೆಂಬರ್ 2

ರೀ,

ಬ್ರೆಡ್ಡಿನ ಬಗ್ಗೆ ಎರಡು ಪುಟ ಬರೆಯುತ್ತೀರಿ, ಎತ್ತರದ ಬಗ್ಗೆ ಒಂದು ಅಕ್ಷರ ಇಲ್ಲ. ಅಳೆಯುತ್ತಿಲ್ಲವಾ, ಅಳೆದು ಹೇಳುತ್ತಿಲ್ಲವಾ? ಕರುಳು ವಾಸಿಯಾದ ಮೇಲೂ ಬೆಳೆಯದಿದ್ದರೆ ಆಗ ಹಾರ್ಮೋನ್ ಪರೀಕ್ಷೆ ಮಾಡುತ್ತೇನೆ ಅಂತ ಜೂನಿನಲ್ಲಿ ಡಾಕ್ಟರಮ್ಮ ನನ್ನ ಮುಂದೆಯೇ ಹೇಳಿದ್ದರು. ಆ ದಾರಿಯೂ ಮುಚ್ಚಿಲ್ಲ, ಬೇಕಾದರೆ ಅದನ್ನೂ ನಡೆಯೋಣ. ನಾನು ಯಾವುದಕ್ಕೂ ಸಿದ್ಧ, ಸುಮ್ಮನಿರುವುದೊಂದನ್ನು ಬಿಟ್ಟು.

ನಿಮ್ಮವಳು

ನವೆಂಬರ್ 13

ಇಂಜಿನಿಯರಮ್ಮ,

ಅಳೆಯುತ್ತಿಲ್ಲ. ವಾರಕ್ಕೊಮ್ಮೆ ಗೋಡೆಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಅವಳು, "ಅಪ್ಪಾ, ಬ್ರೆಡ್ಡು ಬೇಯುವಾಗ ಪದೇ ಪದೇ ಒಲೆ ಬಾಗಿಲು ತೆಗೀಬಾರದು ಅಂತ ನೀನೇ ಹೇಳ್ತೀಯಲ್ಲ" ಅಂದಳು. ಅವತ್ತಿಗೆ ನಿಲ್ಲಿಸಿದೆ. ಜನವರಿಯಲ್ಲಿ ಡಾಕ್ಟರಮ್ಮನೇ ಅಳೆಯಲಿ. ನೀನೂ ತಾಳು.

ರಕ್ತದ ಅಂಕಿ ಮಾತ್ರ ಈ ಸಲ ಚೆನ್ನಾಗಿ ಇಳಿದಿದೆ. ಅಪ್ಪ ಆ ಹಾಳೆಯನ್ನು ಕೌಂಟರಿನ ಗಾಜಿಗೆ ಅಂಟಿಸಿ, ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದಾರೆ.

ನಿನ್ನವನು

ಜನವರಿ 21

ನನ್ನವಳಿಗೆ,

ಫೋನಿನಲ್ಲಿ ಬಟಾಣಿ ನಿನಗೆ ಅರ್ಧ ಹೇಳಿದ್ದಾಳೆ, ಉಳಿದರ್ಧ ನನ್ನದು.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಶಾಲೆಯಿಂದ ಬರುತ್ತಿದ್ದೆವು. ಬೀದಿಯ ಮಧ್ಯದಲ್ಲಿ ಇವಳು ನಿಂತುಬಿಟ್ಟಳು. ಮುಖ ಹುಳ್ಳಗೆ. ಹೊಟ್ಟೆಯೋ ಏನೋ ಅಂತ ಬಗ್ಗಿ ಕೇಳಿದೆ. "ಏನಾಯ್ತು ಕಂದ?"

"ಶೂ ಕಚ್ಚುತ್ತೆ."

"ಏನು?"

"ಶೂ ಅಪ್ಪಾ. ಬೆರಳು ಮಡಚಿಕೊಂಡು ಹಾಕ್ಕೋತಾ ಇದ್ದೀನಿ, ಒಂದು ವಾರದಿಂದ."

ಅವಳು ಅಳುಮುಖ ಮಾಡಿಕೊಂಡಿದ್ದಾಳೆ, ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ. ಆ ಶೂ ಅವಳು ಎರಡನೇ ತರಗತಿಯಲ್ಲಿ ಇದ್ದಾಗ ಕೊಂಡದ್ದು, ಗೊತ್ತಾ? ಮೂರು ವರ್ಷದಲ್ಲಿ ಹಿಮ್ಮಡಿ ಸವೆಯಿತು, ಅಂಚು ಹರಿಯಿತು, ಹೊಲಿಸಿದೆ, ಬಣ್ಣ ಹಚ್ಚಿಸಿದೆ. ಚಿಕ್ಕದಾಗಲೇ ಇಲ್ಲ. ಶೂ ಬಾಳಿಕೆ ಬಂತು ಅಂತ ನಾನು ಹೆಮ್ಮೆ ಪಟ್ಟುಕೊಂಡಿದ್ದೆ! ಅವಳನ್ನು ಎತ್ತಿಕೊಂಡು ಓಡಿ ಬೇಕರಿಯ ಹೊರಗೇ ನಿಂತೆ. ಎತ್ತಿಕೊಳ್ಳಲು ಈಗ ಸ್ವಲ್ಪ ಕಷ್ಟ, ಕಾಲು ನನ್ನ ಮಂಡಿಗೆ ಬಡಿಯುತ್ತದೆ. "ತಾತನಿಗೆ ಹೇಳು, ಇನ್ನೊಂದ್ಸಲ ಹೇಳು" ಅಂದೆ. ಅವಳು ಕೋಪದಲ್ಲಿ, "ಶೂ ಕಚ್ಚುತ್ತೆ ಅಂದ್ರೆ ನಗ್ತೀರಲ್ಲ, ನಿಮಗೆ ಕರುಣೆ ಇಲ್ವಾ?" ಅಂದಳು. ಅಪ್ಪ ಹಲಗೆಯಿಂದ ಇಳಿದು ನಮ್ಮ ಜೊತೆ ಮನೆಗೆ ಬಂದು, ಅಂಗಿ ಬದಲಾಯಿಸಿ, ಅಂಗಳದಲ್ಲಿ ಕೂತು, ಅವಳ ಶೂ ಬಿಚ್ಚಿದರು. ಹೆಬ್ಬೆರಳು ಕೆಂಪಾಗಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು.

ಮಾರನೆಯ ದಿನ ಡಾಕ್ಟರಮ್ಮ ಮೂರು ಸಲ ಅಳೆದರು. ಎಂಟು ತಿಂಗಳಲ್ಲಿ ಏಳು ಸೆಂಟಿಮೀಟರ್. ಹಾಳೆಯಲ್ಲಿ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಎಳೆದರು. ಗೆರೆ ಮೇಲೆ ಹೋಯಿತು. "ಹಾರ್ಮೋನ್ ಪರೀಕ್ಷೆ ಬೇಡ, ಸೂಜಿನೂ ಬೇಡ. ಕಳೆದುಕೊಂಡಿದ್ದನ್ನ ತಾನೇ ವಸೂಲಿ ಮಾಡ್ತಾ ಇದ್ದಾಳೆ. ಊಟ ಹೀಗೇ ಇರಲಿ, ಯಾವತ್ತಿಗೂ" ಅಂದರು. ಆಮೇಲೆ ಅವಳ ಕಡೆ ತಿರುಗಿ, "ನಿನ್ನ ಅಪ್ಪನ ಎತ್ತರ ದಾಟ್ತೀಯಾ ನೋಡು" ಅಂದರು. "ಅದೇನು ದೊಡ್ಡ ವಿಷಯ" ಅಂದಳು ನಿನ್ನ ಮಗಳು.

ಅಲ್ಲಿಂದ ನೇರ ಶೂ ಅಂಗಡಿಗೆ ಹೋದೆವು. ಅಂಗಡಿಯವನು ಅವಳ ಪಾದ ಅಳೆದು, ಕಪಾಟಿನಿಂದ ಒಂದು ಜೊತೆ ತೆಗೆದು, ಅದನ್ನು ಬಿಟ್ಟು ಇನ್ನೊಂದು ಜೊತೆ ನನ್ನ ಮುಂದೆ ಇಟ್ಟ.

"ಒಂದು ಅಳತೆ ದೊಡ್ಡದೇ ತಗೊಳ್ಳಿ ಸಾರ್. ಮುಂದೆ ಹತ್ತಿ ತುರುಕಿದರಾಯ್ತು. ಎರಡು ವರ್ಷ ಯೋಚನೆ ಇಲ್ಲ."

"ಬೇಡ," ಅಂದೆ, "ಇವತ್ತಿನ ಕಾಲಿಗೆ ಸರಿಯಾದದ್ದೇ ಕೊಡಿ. ನಾವು ಬೇಗ ಮತ್ತೆ ಬರ್ತೀವಿ."